ಕಬ್ಬಿನ ಗದ್ದೆಯಲ್ಲಿ ಹುಟ್ಟಿದ ಪಕ್ಷ, ನಮ್ಮ ಗಣಿಯ ನೆನಪು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ವಿದೇಶ ಪುಟದಲ್ಲಿ ಕೆರಿಬಿಯನ್ ದ್ವೀಪ ದೇಶ ಸೇಂಟ್ ಕಿಟ್ಸ್ ಮತ್ತು ನೆವಿಸ್ ಬಗ್ಗೆ ನಾಲ್ಕು ಸಾಲು ಬಂದಿತ್ತು. ದುಡ್ಡು ಹೂಡಿದವರಿಗೆ ಪಾಸ್‌ಪೋರ್ಟ್ ಕೊಡುವ ದೇಶ ಅಂತ ಬರೆದಿದ್ದಿರಿ. ಅದು ಸುಳ್ಳಲ್ಲ, 1984ರಿಂದ ಆ ಯೋಜನೆ ಅಲ್ಲಿದೆ. ಆದರೆ ಅಷ್ಟಕ್ಕೇ ನಿಲ್ಲಿಸಿದ್ದು ನನಗೆ ಬೇಸರವಾಯಿತು.

ನಾನು ಕೆಜಿಎಫ್‌ನಲ್ಲಿ ಹುಟ್ಟಿದವಳು. ಇಲ್ಲೇ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತಳಾದೆ. ಅಪ್ಪ ಮುಳಬಾಗಿಲು ಕಡೆಯಿಂದ ಬಂದು ಚಾಂಪಿಯನ್ ರೀಫ್ ಗಣಿಗೆ ಸೇರಿದವರು. ಆ ದ್ವೀಪದ ಲೇಬರ್ ಪಕ್ಷದ ಕಥೆ ಓದಿದಾಗೆಲ್ಲ ನಾವು ಬೆಳೆದ ಲೈನ್ ಮನೆಗಳೇ ಕಣ್ಣ ಮುಂದೆ ಬರುತ್ತವೆ.

ಎರಡೂ ದ್ವೀಪ ಸೇರಿದರೆ 261 ಚದರ ಕಿಲೋಮೀಟರ್. ಜನ ನಮ್ಮ ಕೆಜಿಎಫ್ ಊರಿಗಿಂತ ಕಡಿಮೆ. ಆಗ ಸೇಂಟ್ ಕಿಟ್ಸ್‌ನ ಸಾಗುವಳಿ ನೆಲದಲ್ಲಿ ಹೆಚ್ಚಿನದಕ್ಕೆಲ್ಲ ಕಬ್ಬು, ಆ ಕಬ್ಬು ಹೆಚ್ಚಾಗಿ ತೋಟದ ದೊರೆಗಳದ್ದು. 1932ರಲ್ಲಿ ಲೇಬರ್ ಪಕ್ಷದ ಬೇರಾದ ವರ್ಕರ್ಸ್ ಲೀಗ್ ಹುಟ್ಟಿದಾಗ ಅಲ್ಲಿ ಕಾರ್ಮಿಕ ಸಂಘ ಕಟ್ಟುವುದಕ್ಕೇ ಕಾನೂನು ಬಿಡುತ್ತಿರಲಿಲ್ಲ. 1935ರ ಜನವರಿಯಲ್ಲಿ ಕಬ್ಬು ಕಡಿಯುವವರು ಜಾಸ್ತಿ ಕೂಲಿ ಕೇಳಿ ಕೆಲಸ ನಿಲ್ಲಿಸಿದರು. ಬಕ್ಲೀಸ್ ಎಂಬ ತೋಟದಲ್ಲಿ ಅವರ ಮೇಲೆ ಗುಂಡು ಹಾರಿತು, ಮೂವರು ಸತ್ತರು. ಐದು ವರ್ಷದ ಮೇಲೆ, 1940ರಲ್ಲಿ, ಅವರಿಗೆ ಕಾನೂನಿನ ಪ್ರಕಾರ ಸಂಘ ಸಿಕ್ಕಿತು.

ಸಂಘದ ದೊಡ್ಡ ನಾಯಕ ರಾಬರ್ಟ್ ಬ್ರಾಡ್‌ಶಾ ಅಲ್ಲಿನ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಮುಷ್ಕರ ಮಾಡಿ ಕೆಲಸ ಕಳೆದುಕೊಂಡು ಸಂಘಕ್ಕೆ ಬಂದರು. 1948ರಲ್ಲಿ 13 ವಾರ ಮುಷ್ಕರ ನಡೆಯಿತು. ಹದಿಮೂರು ವಾರ! ಒಂದು ವಾರ ಬಟವಾಡೆ ತಡವಾದರೂ ಅಮ್ಮ ಅಂಗಡಿಯ ಸಾಲದ ಪುಸ್ತಕ ಹಿಡಿದು ಬಾಗಿಲಲ್ಲೇ ನಿಂತಿರುತ್ತಿದ್ದರು. ಹಾಗೆ ಬೆಳೆದವಳಿಗೆ ಆ ಲೆಕ್ಕ ಸುಮ್ನೆ ಓದಿ ಬಿಡುವಂಥದ್ದಲ್ಲ. 1952ರಲ್ಲಿ ವಯಸ್ಸಿಗೆ ಬಂದ ಎಲ್ಲರಿಗೂ ಮತ ಸಿಕ್ಕಿತು. ಚುನಾವಣೆಗಿದ್ದ ಎಂಟೂ ಸ್ಥಾನ ಲೇಬರ್ ಪಕ್ಷಕ್ಕೇ ಬಂದವು.

ಪಕ್ಷ ಮಾಡಿದ್ದೆಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. ಆಗ ಜೊತೆಗಿದ್ದ ಅಂಗ್ವಿಲಾ ಎಂಬ ದ್ವೀಪ ತನ್ನನ್ನು ಕಡೆಗಣಿಸಿದರೆಂದು ಸಿಟ್ಟಾಗಿ 1967ರಲ್ಲಿ ಬ್ರಾಡ್‌ಶಾ ಸರ್ಕಾರದ ಪೊಲೀಸರನ್ನೇ ಹೊರಗೆ ಕಳಿಸಿತು, ಕೊನೆಗೆ ಬೇರೆಯೇ ಆಯಿತು. 1980ರಲ್ಲಿ ಪಕ್ಷ ಸೋತಿತು. 1983ರ ಸೆಪ್ಟೆಂಬರ್ 19ರಂದು ದೇಶ ಸ್ವತಂತ್ರವಾದಾಗ ಅಧಿಕಾರದಲ್ಲಿದ್ದವರು ಬೇರೆಯವರು.

ನನ್ನನ್ನು ಜಾಸ್ತಿ ಕಾಡುವುದು ಸಕ್ಕರೆಯ ಕೊನೆ. ಬ್ರಾಡ್‌ಶಾ 1975ರಲ್ಲಿ ಕಬ್ಬಿನ ಭೂಮಿಯನ್ನು, ಮರುವರ್ಷ ಕಾರ್ಖಾನೆಯನ್ನು ಸರ್ಕಾರಕ್ಕೆ ತೆಗೆದುಕೊಂಡರು. ನಮ್ಮ ಗಣಿ 1956ರಲ್ಲಿ ಜಾನ್ ಟೇಲರ್ ಕಂಪನಿಯಿಂದ ಮೈಸೂರು ಸರ್ಕಾರದ ಕೈಗೆ ಬಂತಲ್ಲ, ಹಾಗೆ. ಆಮೇಲೆ ನಷ್ಟ, ಸಾಲದ ಮೇಲೆ ಸಾಲ. 2005ರ ಕಟಾವು ಮುಗಿದ ಮೇಲೆ ಸಕ್ಕರೆ ಉದ್ಯಮವನ್ನೇ ಮುಚ್ಚಿದರು. ಮುಚ್ಚಿದ್ದು ಅದೇ ಲೇಬರ್ ಪಕ್ಷದ ಸರ್ಕಾರ, ಆಗ ಡೆನ್ಜಿಲ್ ಡಗ್ಲಸ್ ಪ್ರಧಾನಿ. ಕಬ್ಬು ಕಡಿಯುವವರ ಬೆವರಿನಿಂದ ಎದ್ದ ಪಕ್ಷ ಕೊನೆಯ ಕಬ್ಬನ್ನೂ ಕಡಿಸಿತು. ಮುಚ್ಚುವುದು ಬಿಟ್ಟು ಬೇರೆ ದಾರಿ ಇರಲಿಲ್ಲವೇನೋ. ಆದರೂ ಆ ಸಹಿ ಹಾಕಿದ ಕೈ ನಡುಗಿರಬೇಕು ಅಂತ ನನಗೆ ಅನಿಸುತ್ತದೆ.

ನಮ್ಮ ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28. ಅವತ್ತು ಮನೆಯವರು ಊಟದ ಡಬ್ಬಿ ತೆರೆಯದೆ ಹಾಗೇ ವಾಪಸ್ ತಂದಿದ್ದರು. ಅನ್ನ ಸಾರು ಹಾಗೇ ಇತ್ತು. ಅಲ್ಲಿ ಕಬ್ಬು ಸಾಗಿಸುತ್ತಿದ್ದ ಪುಟ್ಟ ರೈಲಿನ ಹಳಿ ಮೇಲೆ ಈಗ ಪ್ರವಾಸಿಗರನ್ನು ಸುತ್ತಿಸುತ್ತಾರೆ. ಇಲ್ಲಿ ಮಾರಿಕುಪ್ಪಂ ರೈಲು ನಮ್ಮ ಮಕ್ಕಳನ್ನು ಕತ್ತಲಿರುವಾಗಲೇ ಬೆಂಗಳೂರಿಗೆ ಹೊತ್ತೊಯ್ಯುತ್ತದೆ. ನನ್ನ ಮಗನೂ ಅದರಲ್ಲೇ ಹೋಗುತ್ತಾನೆ.

ಒಂದು ವಿಷಯದಲ್ಲಿ ಮಾತ್ರ ಆ ಪುಟ್ಟ ದೇಶ ನಮಗಿಂತ ಮುಂದಿದೆ. ಬ್ರಾಡ್‌ಶಾ ಹುಟ್ಟಿದ ಸೆಪ್ಟೆಂಬರ್ 16 ಅಲ್ಲಿ ರಾಷ್ಟ್ರ ವೀರರ ದಿನ. ವಿಮಾನ ನಿಲ್ದಾಣಕ್ಕೂ ಅವರದೇ ಹೆಸರು. ನಮ್ಮಲ್ಲಿ 1930ರಲ್ಲಿ ಬೆರಳಚ್ಚು ಕೊಡುವುದಿಲ್ಲ ಅಂತ ಗಣಿಯ ಕಾರ್ಮಿಕರು ಕೆಲಸ ನಿಲ್ಲಿಸಿದ್ದರಲ್ಲ, ಅದನ್ನು ನನ್ನ ತರಗತಿಯಲ್ಲಿ ಹೇಳಿದಾಗ ಗಣಿ ಕಾರ್ಮಿಕರ ಮೊಮ್ಮಕ್ಕಳೇ ಮೊದಲ ಸಲ ಕೇಳಿದ ಹಾಗೆ ನೋಡಿದರು. ಪಠ್ಯಪುಸ್ತಕದಲ್ಲಿ ಚಿನ್ನದ ಲೆಕ್ಕ ಇತ್ತು, ಮುಷ್ಕರ ಇರಲಿಲ್ಲ. ಇಲ್ಲಿನ ಸಂಘದ ಮಾತುಕತೆ ಹೆಚ್ಚಾಗಿ ತಮಿಳಿನಲ್ಲಿ ನಡೆಯುತ್ತಿತ್ತು. ಅದು ಕನ್ನಡ ಓದುಗರಿಗೆ ಪೂರ್ತಿ ತಲುಪಲಿಲ್ಲ ಅಂತ ನನಗೆ ಅನಿಸುತ್ತದೆ.

ಅದಕ್ಕೇ ಕೇಳುತ್ತಿದ್ದೇನೆ. ನಿಮ್ಮ ಕೋಲಾರ ಪುಟದಲ್ಲಿ ವಾರಕ್ಕೊಮ್ಮೆ ಜಾಗ ಕೊಡಿ. ಹಳೆಯ ಸಂಘದವರು ಹೇಳುವುದನ್ನು ಅವರ ಮಾತಿನಲ್ಲೇ ಕೇಳಿ, ಕನ್ನಡಕ್ಕೆ ತಂದು ಹಾಕಿ. ಅಪ್ಪನ ಕೈಕೆಳಗೆ ಕೆಲಸ ಕಲಿತ ಇಬ್ಬರು ಇನ್ನೂ ಇಲ್ಲೇ ಇದ್ದಾರೆ. 1930ರದ್ದನ್ನು ತಮ್ಮ ಹಿರಿಯರು ಹೇಳಿದ ಹಾಗೆಯೇ ಹೇಳುತ್ತಾರೆ. ವರದಿಗಾರರು ಬಂದರೆ ನಾನೇ ಕರೆದುಕೊಂಡು ಹೋಗುತ್ತೇನೆ, ತಮಿಳು ತಿಳಿಯದಿದ್ದರೆ ಅರ್ಥವನ್ನೂ ಹೇಳುತ್ತೇನೆ. ಬೆಳಿಗ್ಗೆ ಹೊತ್ತು ಬಂದರೆ ಒಳ್ಳೆಯದು. ಅವರಲ್ಲಿ ಒಬ್ಬರಿಗೆ ಕೆಮ್ಮು, ಮಧ್ಯಾಹ್ನದ ಮೇಲೆ ಮಾತಾಡಲು ಆಗುವುದಿಲ್ಲ.

– ನಿವೃತ್ತ ಶಿಕ್ಷಕಿ, ರಾಬರ್ಟ್‌ಸನ್‌ಪೇಟೆ, ಕೆಜಿಎಫ್