ಪರೀಕ್ಷೆಯ ದಿನ ಮಾತ್ರ ನೆನಪಾಗುವ ತಬಲಾ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಡಿಗ್ರಿ ಪ್ರವೇಶದ ಜಾಹೀರಾತುಗಳು ನಿಮ್ಮ ಪತ್ರಿಕೆಯಲ್ಲಿ ದಿನಾಲೂ ಬರುತ್ತಿವೆ. ಬಿ.ಎ. ವಿಷಯಗಳ ಪಟ್ಟಿಯ ಕೊನೆಗೆ ಎಲ್ಲೋ ಒಂದು ಕಡೆ 'ಹಿಂದೂಸ್ತಾನಿ ಸಂಗೀತ' ಅಂತ ಇರುತ್ತದೆ. ಅದನ್ನು ಕಂಡಾಗ ಖುಷಿಯಾಗುತ್ತದೆ. ಮರುಕ್ಷಣ ಒಂದು ಪ್ರಶ್ನೆಯೂ ಏಳುತ್ತದೆ: ಅಲ್ಲಿ ತಬಲಾ ನುಡಿಸುವವರು ಯಾರಿದ್ದಾರೆ? ಮಗಳನ್ನೋ ಮಗನನ್ನೋ ಸೇರಿಸಲು ಹೋಗುವ ತಂದೆ ತಾಯಿ ಆಫೀಸಿನಲ್ಲಿ ಇದೊಂದು ಪ್ರಶ್ನೆ ಕೇಳಲಿ ಅಂತಲೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ತಬಲಾ ಸಾಥಿದಾರ, ಅಂದರೆ ಹಾಡುವವರ ಜೊತೆ ತಬಲಾ ನುಡಿಸುವವ; ಹಾಗೆ ಜೊತೆ ಕೊಡುವುದಕ್ಕೇ ಸಾಥ್ ಅನ್ನುತ್ತಾರೆ. ಧಾರವಾಡ ಆಕಾಶವಾಣಿಯ ಬಿ ಹೈ ಶ್ರೇಣಿ ಕಲಾವಿದ. ನಮ್ಮ ಬೆಳಗಾವಿ ಜಿಲ್ಲೆಯ ಒಂದು ಕಾಲೇಜಿನ ಸಂಗೀತ ವಿಭಾಗದಲ್ಲಿ 27 ವರ್ಷ ಸಾಥ್ ಮಾಡಿ ನಿವೃತ್ತನಾದೆ. ನಾನು ಎದ್ದು ಬಂದ ಜಾಗದಲ್ಲಿ ಇವತ್ತಿನವರೆಗೆ ಯಾರೂ ಕೂತಿಲ್ಲ. ಅಲ್ಲಿನ ಮೇಡಂ ಒಬ್ಬರೇ ಹಾಡು ಕಲಿಸುತ್ತಾರೆ, ಹಾರ್ಮೋನಿಯಂ ಹಿಡಿಯುತ್ತಾರೆ, ಥಿಯರಿ ಬರೆಸುತ್ತಾರೆ, ಗಣರಾಜ್ಯೋತ್ಸವಕ್ಕೆ ನಾಡಗೀತೆಯನ್ನೂ ತಯಾರು ಮಾಡಿಸುತ್ತಾರೆ. ತಬಲಾ ಬೇಕೆಂದಾಗ ತಬಲಾ ನುಡಿಸುವ ಆ್ಯಪ್ ಹಚ್ಚಿ ಮೇಜಿನ ಮೇಲೆ ಮೊಬೈಲ್ ಇಡುತ್ತಾರೆ. ಅವರನ್ನು ನಾನು ದೂರುವುದಿಲ್ಲ. ಬೇರೆ ದಾರಿ ಅವರಿಗಿಲ್ಲ.

ಕಳೆದ ಸಲದ ಪ್ರಾಕ್ಟಿಕಲ್ ಪರೀಕ್ಷೆಗೆ ಇನ್ನೊಂದು ಕಾಲೇಜಿನಿಂದ ಹಿಂದಿನ ದಿನ ಸಂಜೆ ಫೋನ್ ಬಂತು. "ನಾಳೆ ಹತ್ತಕ್ಕ ಬರ್ರಿ ಸರ್, ಹೊರಗಿನ ಪರೀಕ್ಷಕರು ಬರತಾರ, ತಬಲಾ ಬೇಕಾಗತೈತಿ" ಅಂದರು. ಎರಡು ತಬಲಾ, ಎಡಗೈಯಲ್ಲಿ ನುಡಿಸುವ ಒಂದು ಡಗ್ಗಾ ಕಟ್ಟಿಕೊಂಡು ಹೋದೆ. ಕೊನೆಯ ವರ್ಷದ ಮಕ್ಕಳು. ಬೈಲಹೊಂಗಲ ಕಡೆಯ ಒಬ್ಬ ಹುಡುಗಿ ಭೀಮಪಲಾಸ್ ಹಾಡಲು ಕೂತಳು. ಎಂಥ ತುಂಬಿದ ದನಿ! ಆ ರಾಗದ ಆರೋಹದಲ್ಲಿ ರಿಷಭ, ಧೈವತ ಸ್ವರಗಳನ್ನು ಬಿಟ್ಟು ಏರಬೇಕು. ಹೊಸಬರು ಅಲ್ಲೇ ಕಾಲು ಜಾರುತ್ತಾರೆ. ಈ ಹುಡುಗಿ ಒಂದು ಕಡೆಯೂ ಜಾರಲಿಲ್ಲ. ಆಲಾಪ ಕೇಳುತ್ತಾ ನನಗೆ ಕಣ್ಣು ತುಂಬಿ ಬಂತು.

ನಿಧಾನವಾಗಿ ಹಾಡುವ ಬಡಾ ಖ್ಯಾಲ್ ಶುರುವಾಗಿ ನಾನು ಠೇಕಾ, ಅಂದರೆ ತಾಳದ ಮೂಲ ಬೋಲು, ಹಿಡಿದೆ ನೋಡಿ, ಅವಳು ಬೆಚ್ಚಿದಳು. ವಿಲಂಬಿತ್, ಅಂದರೆ ನಿಧಾನ ಲಯದ, ಏಕತಾಲ. ಒಂದು ಸುತ್ತಿಗೆ ಹನ್ನೆರಡು ಮಾತ್ರೆ, ಅಂದರೆ ಎಣಿಕೆ. ಒಂದೊಂದು ಮಾತ್ರೆ ನಾಲ್ಕು ಸೆಕೆಂಡಿನಷ್ಟು ಉದ್ದ ಇರುವುದರಿಂದ ಒಂದು ಸುತ್ತು ಮುಗಿಯಲು ಮುಕ್ಕಾಲು ನಿಮಿಷ ದಾಟುತ್ತದೆ. ಅಷ್ಟು ಹೊತ್ತು ಸ್ವರ ಬೆಳೆಸಿಕೊಂಡು ಹೋಗಿ, ಸರಿಯಾಗಿ ಮುಖಡಾ, ಅಂದರೆ ಹಾಡಿನ ಮೊದಲ ತುಣುಕು, ಹಿಡಿದು, ಸುತ್ತಿನ ಮೊದಲ ಮಾತ್ರೆಯಾದ ಸಮ್‌ಗೆ ಬಂದು ಇಳಿಯಬೇಕು. ಹತ್ತನೇ ಮಾತ್ರೆಯ 'ತಿರಕಿಟ' ಕೇಳಿತು ಅಂದರೆ ಮನೆ ಹತ್ತಿರ ಬಂತು ಅಂತ ಅರ್ಥ. ಅವಳಿಗೆ ಅದು ಕೇಳಲೇ ಇಲ್ಲ. ಮೂರು ಸಲ ಸಮ್ ತಪ್ಪಿತು. ನಾನು ತಲೆ ಆಡಿಸಿದೆ, ಡಗ್ಗಾದ ಮೇಲೆ ಒತ್ತು ಕೊಟ್ಟೆ, ಕಣ್ಣಿನಲ್ಲಿ 'ಬಾ ತಂಗಿ, ಈಗ' ಅಂದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ತಬಲಾದವರ ಮುಖ ನೋಡಿ ಹಾಡಬೇಕು ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ಹೇಗೆ ಗೊತ್ತಿರಬೇಕು? ಮೂರು ವರ್ಷ ಅವಳು ಮೊಬೈಲಿನ ಜೊತೆ ಹಾಡಿದ್ದಾಳೆ. ಮೊಬೈಲಿಗೆ ಮುಖ ಎಲ್ಲಿದೆ?

ಪರೀಕ್ಷೆ ಮುಗಿದ ಮೇಲೆ ವರಾಂಡಾದಲ್ಲಿ ಹತ್ತಿರ ಬಂದು, "ಸರ್, ನೀವು ಒಂದ್ ತಿಂಗಳ ಮೊದಲ ಬಂದಿದ್ರ ಚಲೋ ಆಕ್ಕಿತ್ರಿ" ಅಂದಳು. ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ.

ಕೆಲವರು ಹೇಳುತ್ತಾರೆ, ಸಂಗೀತ ಕಾಲೇಜಿನಲ್ಲಿ ಕಲಿಯುವ ವಿದ್ಯೆಯೇ ಅಲ್ಲ, ಗುರುವಿನ ಮನೆಯಲ್ಲೇ ಆಗಬೇಕು ಅಂತ. ನಾನು ಗುರುವಿನ ಮನೆಯಲ್ಲಿ ಕಲಿತವನು. ಆದರೂ ಈ ಮಾತನ್ನು ಒಪ್ಪುವುದಿಲ್ಲ. ಗಾಯಕ ವಿಷ್ಣು ದಿಗಂಬರ ಪಲುಸ್ಕರ್ ಹುಟ್ಟಿದ್ದು ಕುರುಂದವಾಡದಲ್ಲಿ, ಕಲಿತದ್ದು ಮಿರಜದಲ್ಲಿ. ಎರಡೂ ಬೆಳಗಾವಿಗೆ ನೆರೆಯ ಊರುಗಳೇ. ಅವರು 1901 ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ಸಂಗೀತ ವಿದ್ವಾಂಸ ಭಾತಖಂಡೆಯವರ ಪ್ರಯತ್ನದಿಂದ 1926 ರಲ್ಲಿ ಲಖನೌದಲ್ಲಿ ಸಂಗೀತ ಕಾಲೇಜು ಬಂತು. ಆ ಬಾಗಿಲು ತೆರೆಯದೆ ಇದ್ದರೆ ಮನೆಯಲ್ಲಿ ಸಂಗೀತದ ಗಂಧವಿಲ್ಲದ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಎಲ್ಲಿ ಹೋಗಿ ಕಲಿಯಬೇಕಿತ್ತು? ನಮ್ಮ ಜಿಲ್ಲೆಯದೇ ಉದಾಹರಣೆ ಇದೆ. ಸುಳೇಭಾವಿಯಲ್ಲಿ 1924 ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ ಮುಂಬಯಿಗೆ ಹೋಗಿ ಬಿ.ಆರ್. ದೇವಧರ ಅವರ ಸಂಗೀತ ಶಾಲೆಯಲ್ಲಿ ಕಲಿತರು. ಅವರೇ ಹೆಸರಾಂತ ಗಾಯಕ ಕುಮಾರ ಗಂಧರ್ವ. ಶಾಲೆ ಅನ್ನುವುದು ಅವರಿಗೆ ಅಡ್ಡ ಬಂತೇನು?

ಆದರೆ ಗುರುವಿನ ಮನೆಯಲ್ಲಿ ಕೇಳದೇ ಸಿಗುತ್ತಿದ್ದ ಒಂದು ವಸ್ತುವನ್ನು ಕಾಲೇಜಿನಲ್ಲಿ ಕೇಳಿದರೂ ಕೊಡುತ್ತಿಲ್ಲ. ಅದು ಸಾಥ್.

ನಾನು ಕಲಿತ ಮನೆ ಬೆಳಗಾವಿಯ ಶಹಾಪುರದಲ್ಲಿತ್ತು. ಕೆಳಗೆ ನೇಕಾರರ ಮಗ್ಗ, ಮೇಲೆ ಅಟ್ಟದಲ್ಲಿ ಗುರುಗಳ ಕೋಣೆ. ಮೊದಲ ವರ್ಷ ಬರೀ ಕಾಯದಾ, ಅಂದರೆ ಕೈ ತಿದ್ದುವ ಬೋಲುಗಳ ಪಾಠ. ತೀನತಾಲದ ಠೇಕಾ ಕೈಗೆ ಕೂರುವ ಮೊದಲೇ ಬೆರಳಿನ ತುದಿ ಒಡೆದು ಗಟ್ಟಿಯಾಗಿತ್ತು. ಎರಡನೇ ವರ್ಷದಿಂದ ಸಂಜೆ ಹಾಡು ಕಲಿಯುವ ಮಕ್ಕಳು ಅದೇ ಕೋಣೆಗೆ ಬರುತ್ತಿದ್ದರು. ಗುರುಗಳ ಗೆಳೆಯರೊಬ್ಬರು ಅವರಿಗೆ ಖ್ಯಾಲ್ ಹೇಳಿಕೊಡುತ್ತಿದ್ದರು. "ಸುಮ್ನೆ ಠೇಕಾ ಹಿಡಿ, ಕೈ ಚಳಕ ತೋರಸಬ್ಯಾಡ" ಅಂತ ನನ್ನನ್ನು ಕೂರಿಸುತ್ತಿದ್ದರು. ನಾಲ್ಕು ವರ್ಷ ಹೀಗೆ ನಡೆಯಿತು. ಹಾಡುವ ಮಕ್ಕಳು ತಪ್ಪಿದರೆ ನಾನು ಮುಗುಳ್ನಗುತ್ತಿದ್ದೆ. ನಾನು ಓಡಿದರೆ ಅವರು ಕೈಯಿಂದ ತೊಡೆ ತಟ್ಟಿ ನಿಲ್ಲಿಸುತ್ತಿದ್ದರು. ಹಾಡುವವರು ಉಸಿರು ಎಳೆದುಕೊಳ್ಳುವುದನ್ನು ನೋಡಿಯೇ ಮುಂದಿನ ತಾನ್ (ವೇಗದ ಸ್ವರಗಳ ಸಾಲು) ಎಷ್ಟು ಉದ್ದ ಬರುತ್ತದೆ ಅಂತ ಹೇಳಬಲ್ಲವನಾದೆ. ಇದನ್ನು ಯಾರೂ ಕಲಿಸಲಿಲ್ಲ. ಒಂದೇ ಕೋಣೆಯಲ್ಲಿ ಕೂತಿದ್ದರಿಂದ ಬಂತು.

ಕಾಲೇಜಿನ ಲೆಕ್ಕ ನೋಡಿ. ನಾನಿದ್ದ ಕಡೆ ಎರಡು ತಾಸಿನ ಪ್ರಾಕ್ಟಿಕಲ್, ಹದಿನಾಲ್ಕು ಮಕ್ಕಳು. ಒಬ್ಬೊಬ್ಬರಿಗೆ ಎಂಟೂವರೆ ನಿಮಿಷ. ವಿಲಂಬಿತ್‌ನಲ್ಲಿ ಹತ್ತು ಸುತ್ತು ಆಗುವಷ್ಟರಲ್ಲಿ ಮುಂದಿನವರ ಪಾಳಿ. ಅದಕ್ಕೇ ನಾವು ಏನು ಮಾಡುತ್ತಿದ್ದೆವೆಂದರೆ, ಒಬ್ಬಳು ಹಾಡುವಾಗ ಉಳಿದ ಹದಿಮೂರು ಜನ ಕೈಯಲ್ಲಿ ತಾಳ ಹಾಕುತ್ತಿದ್ದರು. ತಾಳಿ ಅಂದರೆ ಚಪ್ಪಾಳೆ, ಖಾಲಿ ಅಂದರೆ ಕೈ ಬೀಸು: ತಾಳಿ, ಖಾಲಿ, ತಾಳಿ, ಖಾಲಿ. ಆ ಎಂಟೂವರೆ ನಿಮಿಷ ಎಲ್ಲರದೂ ಆಗುತ್ತಿತ್ತು. ಎದುರಿಗೆ ತಬಲಾ ಇದ್ದದ್ದಕ್ಕೆ ಅದು ನಡೆಯಿತು. ಆ್ಯಪ್ ಹಚ್ಚಿ ಇದನ್ನೇ ಮಾಡಲು ನೋಡಿದ್ದೇನೆ. ಎರಡನೇ ಸುತ್ತಿಗೇ ಅರ್ಧ ಮಕ್ಕಳು ಬೇರೆ ಕಡೆ ನೋಡುತ್ತಾರೆ.

ಆ್ಯಪ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಬೆಳಗಿನ ಐದಕ್ಕೆ ಹಾಸ್ಟೆಲಿನಲ್ಲಿ ರಿಯಾಜ್ ಮಾಡುವ ಹುಡುಗಿಗೆ ಅದು ದೊಡ್ಡ ಆಸರೆ. ಲಯ ಕದಲುವುದಿಲ್ಲ. ಬೇಕಾದ ಸ್ವರಕ್ಕೆ ಒಂದು ಬೆರಳು ಒತ್ತಿದರೆ ಸಾಕು. ಆದರೆ ಅದು ಹಾಡು ಕೇಳಿಸಿಕೊಳ್ಳುವುದಿಲ್ಲ. ಹುಡುಗಿ ಸಮ್ ತಪ್ಪಿದರೂ ಅದಕ್ಕೆ ಗೊತ್ತಾಗುವುದಿಲ್ಲ, ಚೆನ್ನಾಗಿ ಬಂದು ಇಳಿದರೂ ಗೊತ್ತಾಗುವುದಿಲ್ಲ. ಒಳ್ಳೆಯ ಸಮ್ ಬಂದಾಗ ತಬಲಾದವನ ಬಾಯಿಂದ 'ವಾಹ್' ಅಂತ ಬರುತ್ತದಲ್ಲ, ಹತ್ತೊಂಬತ್ತು ವರ್ಷದ ಹುಡುಗಿಗೆ ಆ ಒಂದು ಮಾತು ಒಂದು ವಾರಕ್ಕೆ ಸಾಲುತ್ತದೆ.

ವಾದ್ಯಗಳ ವಿಷಯವನ್ನೂ ಹೇಳಲೇಬೇಕು, ಯಾಕೆಂದರೆ ಖರೀದಿ ಮಾಡುವವರಿಗೆ ಇದು ಗೊತ್ತಿರುವುದಿಲ್ಲ. ಎಷ್ಟೋ ಕಡೆ 'ತಬಲಾ ಸೆಟ್ ಒಂದು' ಅಂತ ರಿಜಿಸ್ಟರಿನಲ್ಲಿ ಬರೆದು ಕಪಾಟಿನಲ್ಲಿ ಇಟ್ಟಿರುತ್ತಾರೆ. ಒಂದು ತಬಲಾ ಎಲ್ಲರಿಗೂ ಆಗುವುದಿಲ್ಲ. ಗಂಡುಮಕ್ಕಳು ಸಾಮಾನ್ಯವಾಗಿ ಕಪ್ಪು ಒಂದರ, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಯ, ಆಸುಪಾಸು ಹಾಡುತ್ತಾರೆ. ಅದಕ್ಕೆ ಸಣ್ಣ ಬಾಯಿಯ ತಬಲಾ ಸರಿ. ಹೆಣ್ಣುಮಕ್ಕಳದು ಕಪ್ಪು ನಾಲ್ಕು, ಕಪ್ಪು ಐದು. ಅವರಿಗೆ ಬಾಯಿ ದೊಡ್ಡದಿರುವ, ತಗ್ಗಿನಲ್ಲಿ ನುಡಿಯುವ ತಬಲಾ ಬೇಕು. ಸಣ್ಣದನ್ನು ಸುತ್ತಿಗೆಯಿಂದ ಬಡಿದು ಇಳಿಸಲು ಹೋದರೆ ನಾದವೇ ಸತ್ತುಹೋಗುತ್ತದೆ. ದೊಡ್ಡದನ್ನು ಮೇಲಕ್ಕೆ ಎಳೆದರೆ ಪುಡಿ, ಅಂದರೆ ಬಾಯಿಯ ಚರ್ಮ, ಹರಿಯುತ್ತದೆ. ನಮ್ಮ ಸಂಗೀತ ವಿಭಾಗಗಳಲ್ಲಿ ನಾನು ಕಂಡಂತೆ ಹುಡುಗಿಯರೇ ಜಾಸ್ತಿ. ಕಪಾಟಿನಲ್ಲಿ ಇರುವುದು ಮಾತ್ರ ಗಂಡುದನಿಯ ತಬಲಾ. ಅದೂ ಮಳೆಗಾಲದಲ್ಲಿ ಶಾಯಿ (ನಡುವಿನ ಕಪ್ಪು ಲೇಪ) ಬಿಟ್ಟು ಬಿದ್ದಿರುತ್ತದೆ.

ತಂಬೂರಿಯದೂ ಇದೇ ಕತೆ. ಮಿರಜದಲ್ಲಿ ಸೋರೆಬುರುಡೆಯಿಂದ ತಂಬೂರಿ, ಸಿತಾರ್ ಮಾಡುವ ಮನೆತನಗಳು ತಲೆಮಾರುಗಳಿಂದ ಇವೆ. 2024 ರಲ್ಲಿ ಆ ವಾದ್ಯಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಬೆಳಗಾವಿಯಿಂದ ಬೆಳಿಗ್ಗೆ ರೈಲು ಹತ್ತಿದರೆ ತಂಬೂರಿಯ ಕುದುರೆ ತಿದ್ದಿ ನಾದ ತರುವ ಜವಾರಿ ಮಾಡಿಸಿಕೊಂಡು ಅದೇ ದಿನ ತಿರುಗಿ ಬರಬಹುದು. ಇಷ್ಟು ಹತ್ತಿರದಲ್ಲಿ ಇಟ್ಟುಕೊಂಡು ನಮ್ಮ ಮಕ್ಕಳು ಮೂರು ವರ್ಷ ನಿಜವಾದ ತಂಬೂರಿಯನ್ನು ತೊಡೆಯ ಮೇಲೆ ಇಟ್ಟುಕೊಳ್ಳದೆ ಸಂಗೀತದ ಪದವಿ ಪಡೆಯುವುದು ನನಗೆ ಬಹಳ ನೋವಿನ ಸಂಗತಿ.

ಸಾಥಿದಾರ ಅಂದರೆ ಪಕ್ಕದಲ್ಲಿ ಕೂರುವವ, ಇದ್ದರೂ ಆಯಿತು, ಬಿಟ್ಟರೂ ಆಯಿತು ಅಂತ ಅನೇಕರು ತಿಳಿದಿದ್ದಾರೆ. ಬೆಳಗಾವಿಯವರು ಹಾಗೆ ತಿಳಿಯಬಾರದು. 2010 ರಲ್ಲಿ ತೀರಿಕೊಂಡ ರಾಂಭಾವು ವಿಜಾಪುರೆ ಈ ಊರಿನವರು. ಹಾರ್ಮೋನಿಯಂ ಅವರ ವಾದ್ಯ. ಶ್ರುತಿಗೆ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡಿಗೆ ಒಗ್ಗುವುದಿಲ್ಲ ಅಂತ ಆಕಾಶವಾಣಿ ಆ ವಾದ್ಯವನ್ನು 1940 ರಿಂದ 1971 ರವರೆಗೆ ದೂರ ಇಟ್ಟಿತ್ತು. ಅವರು ಅದೇ ಪೆಟ್ಟಿಗೆಯನ್ನು ಹಿಡಿದು ಮಲ್ಲಿಕಾರ್ಜುನ ಮನ್ಸೂರ, ಭೀಮಸೇನ ಜೋಶಿ, ಕುಮಾರ ಗಂಧರ್ವರಂಥವರ ಪಕ್ಕ ಕೂತರು. ಹಾಡುವವರು ಎಲ್ಲಿ ಹೊರಟಿದ್ದಾರೆ ಅಂತ ಅರ್ಧ ಹೆಜ್ಜೆ ಮೊದಲೇ ಅರಿಯುವುದು ಸಾಥ್. ಅಂಥ ಊರಿನಲ್ಲಿ ಸಂಗೀತ ಓದುವ ಮಕ್ಕಳಿಗೆ ಸಾಥ್ ಸಿಗಬೇಕು, ಅಲ್ವಾ?

ಸಾಥಿದಾರರನ್ನು ತೆಗೆದುಕೊಳ್ಳಲು ನಿಯಮ ಇಲ್ಲ ಅನ್ನುವ ಉತ್ತರ ಬರಬಹುದು. ದಾರಿಗಳಿವೆ. ಗುರುಗಳ ಹತ್ತಿರ ಕಲಿತ, ಆಕಾಶವಾಣಿಯ ಎ ಶ್ರೇಣಿಯ, ಆ ವಿಷಯದಲ್ಲಿ ಪದವಿ ಇರುವ ಕಲಾವಿದರನ್ನು ಸಂಗೀತದ ಸಹಾಯಕ ಪ್ರಾಧ್ಯಾಪಕರಾಗಿ ತೆಗೆದುಕೊಳ್ಳಲು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018 ರ ನಿಯಮಾವಳಿಯಲ್ಲೇ ಅವಕಾಶ ಇದೆ. 2023 ರಲ್ಲಿ ಕಲಾವಿದರನ್ನು ಕಾಲೇಜಿಗೆ ಕರೆಸಿಕೊಂಡು ಮಕ್ಕಳ ಜೊತೆ ಇರಿಸಿಕೊಳ್ಳುವ ಮಾರ್ಗಸೂಚಿಯನ್ನೂ ಯುಜಿಸಿ ಕೊಟ್ಟಿದೆ. ಪೂರ್ಣ ಹುದ್ದೆ ಬರುವವರೆಗೆ ವಾರಕ್ಕೆ ಮೂರು ದಿನದ ಗೌರವಧನದ ಮೇಲಾದರೂ ಒಬ್ಬ ತಬಲಾದವರನ್ನು ಕರೆಯಿರಿ. ನಮ್ಮ ಕಡೆ ಭಜನಾ ಮಂಡಳಿಗಳಲ್ಲಿ ನುಡಿಸುತ್ತಾ ಸಂಗೀತದ ವಿಶಾರದ ಪರೀಕ್ಷೆ ಮುಗಿಸಿದ ಎಷ್ಟೋ ಹುಡುಗರು ಹಗಲು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದಾರೆ. ಅವರನ್ನು ಪರೀಕ್ಷೆಯ ಹಿಂದಿನ ಸಂಜೆ ಕರೆಯಬೇಡಿ. ಜೂನ್, ಜುಲೈನಲ್ಲಿ ತರಗತಿ ಶುರುವಾಗುವ ದಿನವೇ ಕರೆಯಿರಿ. ಗೌರವಧನವನ್ನು ತಿಂಗಳಿಗೆ ಸರಿಯಾಗಿ ಕೊಡಿ. ನನಗೆ ಒಂದು ಪರೀಕ್ಷೆಯ ಹಣ ಬರಲು ಏಳು ತಿಂಗಳು ಬೇಕಾಯಿತು. ನನಗೆ ಪಿಂಚಣಿ ಇದೆ, ತಡೆದುಕೊಂಡೆ. ಆ ಹುಡುಗರು ಹೇಗೆ ತಡೆದುಕೊಳ್ಳಬೇಕು?

ಹಾಡಿನ ತರಗತಿ ಮತ್ತು ತಬಲಾ ತರಗತಿ ಎರಡೂ ಇರುವ ಕಾಲೇಜುಗಳಿಗೆ ಇನ್ನೊಂದು ವಿನಂತಿ. ವಾರದಲ್ಲಿ ಒಂದು ದಿನವಾದರೂ ಆ ಎರಡು ಕೋಣೆಯ ಮಕ್ಕಳನ್ನು ಒಂದೇ ಜಮಖಾನದ ಮೇಲೆ ಕೂರಿಸಿ. ಟೈಮ್‌ಟೇಬಲ್ ಬದಲಿಸಿದರೆ ಆಯಿತು, ಪೈಸೆ ಖರ್ಚಿಲ್ಲ. ಶಹಾಪುರದ ಆ ಅಟ್ಟದ ಮೇಲೆ ನಮಗೆ ಸಿಕ್ಕಿದ್ದು ಇದೇ.

ನನಗೀಗ 67 ವರ್ಷ. ಕೈ ಇನ್ನೂ ನಡೆಯುತ್ತದೆ. ಬೆಳಗಾವಿ ತಾಲ್ಲೂಕಿನ ಯಾವುದೇ ಕಾಲೇಜು ಕರೆದರೂ ಮಂಗಳವಾರ, ಶುಕ್ರವಾರ ಬೆಳಿಗ್ಗೆ ಬಂದು ಮಕ್ಕಳಿಗೆ ಸಾಥ್ ಮಾಡುತ್ತೇನೆ. ಅಲ್ಲಿಗೆ ಒಬ್ಬ ಹುಡುಗನನ್ನು ನೇಮಿಸುವ ತನಕ ಮಾತ್ರ. ನನಗೆ ಹಣ ಬೇಡ. ಎರಡೂ ತಬಲಾ ನಾನೇ ತರುತ್ತೇನೆ. ಸ್ವರ ಕೂಡಿಸುವಾಗ ಫ್ಯಾನ್ ಬಂದ್ ಮಾಡಲು ಬರುವಂಥ ಒಂದು ಕೋಣೆ ಇದ್ದರೆ ಸಾಕು.

ಇಂತಿ ನಿಮ್ಮ ಓದುಗ,
ನಿವೃತ್ತ ತಬಲಾ ಸಾಥಿದಾರ
ಶಹಾಪುರ, ಬೆಳಗಾವಿ