ಹೊಲಕ್ಕೆ ಎಣ್ಣೆ ಹೊಡೆದ ಮರುದಿನವೇ ಹೆಣ್ಣಾಳು ಬೇಡ

ಮಾನ್ಯರೆ,

ಬಸುರಿಯರು ಹೊಲದ ಎಣ್ಣೆಯಿಂದ, ಅಂದರೆ ಬೆಳೆಗೆ ಹೊಡೆಯುವ ಕೀಟನಾಶಕದಿಂದ, ದೂರ ಇರಬೇಕು ಎಂದು ಎಲ್ಲರೂ ಹೇಳುತ್ತಾರೆ. ಅದು ಹೆಂಗಸಿನ ಕಿವಿಗೆ ಬೀಳುವ ಹೊತ್ತಿಗೆ ತಡವಾಗಿರುತ್ತದೆ. 12 ವಾರದೊಳಗೆ ತಾಯಿ ಕಾರ್ಡ್ ಮಾಡಿಸಿ ಎಂದು ಆಶಾ ಕಾರ್ಯಕರ್ತೆಯರು ಹೇಳುತ್ತಲೇ ಇದ್ದಾರೆ. ಆದರೆ ಮುಟ್ಟು ನಿಂತದ್ದು ಖಾತ್ರಿಯಾಗುವವರೆಗೂ ಸಿಂಧನೂರು, ಮಾನ್ವಿ, ಸಿರುಗುಪ್ಪ, ಕಾರಟಗಿ ಕಡೆಯ ಕೂಲಿ ಹೆಣ್ಣುಮಕ್ಕಳು ಕಳೆ ತೆಗೆಯುತ್ತಲೇ, ಹತ್ತಿ ಬಿಡಿಸುತ್ತಲೇ ಇರುತ್ತಾರೆ.

ಡೆನ್ಮಾರ್ಕಿನ ಹಸಿರುಮನೆಗಳಲ್ಲಿ ದುಡಿದ ತಾಯಂದಿರ ಮಕ್ಕಳ ಬಗ್ಗೆ 2011ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಬಸಿರಿನ ಮೊದಲ ವಾರಗಳಲ್ಲಿ ಕೀಟನಾಶಕ ತಗುಲಿದ್ದ ತಾಯಂದಿರ ಮಕ್ಕಳು ಹುಟ್ಟುವಾಗ ಸಣ್ಣಗಿದ್ದರು. 6ರಿಂದ 11ನೇ ವಯಸ್ಸಿಗೆ ಅವರ ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚಿತ್ತು. ಬಸಿರು ಗೊತ್ತಾದ ಕೂಡಲೇ ಆ ತಾಯಂದಿರನ್ನು ಬೇರೆ ಕೆಲಸಕ್ಕೆ ಹಾಕಲಾಗಿತ್ತು ಅಥವಾ ರಜೆ ಕೊಡಲಾಗಿತ್ತು ಎಂಬುದನ್ನು ಗಮನಿಸಬೇಕು. ಕ್ಯಾಲಿಫೋರ್ನಿಯಾದ ಸಲಿನಾಸ್ ಕಣಿವೆಯಲ್ಲಿ ಬಸಿರಿನಲ್ಲಿ ತಾಯಿಯ ರಕ್ತದಲ್ಲಿ ಡಿಡಿಟಿ ಎಂಬ ಕೀಟನಾಶಕ ಹೆಚ್ಚಿದ್ದ ಗಂಡುಮಕ್ಕಳು 12ನೇ ವಯಸ್ಸಿಗೆ ದಪ್ಪಗಿದ್ದರು, ಹೆಣ್ಣುಮಕ್ಕಳಲ್ಲಿ ಹಾಗೆ ಕಾಣಲಿಲ್ಲ. ಇವು ನಂಟನ್ನು ತೋರಿಸುತ್ತವೆಯೇ ಹೊರತು ಎಣ್ಣೆಯೊಂದೇ ಕಾರಣ ಎನ್ನುವುದಿಲ್ಲ. ಬೊಜ್ಜು ಪೇಟೆಯವರ ಕಾಯಿಲೆ, ನಮ್ಮ ಕಡೆ ತೂಕವಿಲ್ಲದ ಮಕ್ಕಳದ್ದೇ ಚಿಂತೆ ಎನ್ನುವವರಿದ್ದಾರೆ. ಸಣ್ಣಗೆ ಹುಟ್ಟಿ ಆಮೇಲೆ ಕೊಬ್ಬು ಕಟ್ಟಿದ ಮೈಗೆ ಸಕ್ಕರೆ ಕಾಯಿಲೆ ಹತ್ತುವ ಸಂಭವ ಹೆಚ್ಚು, ಹಾಗಾಗಿ ಇವು ಬೇರೆ ಬೇರೆ ಚಿಂತೆಗಳಲ್ಲ.

ಎಣ್ಣೆ ಮೈಗೆ ಹೋಗುವ ದಾರಿ ನೋಡಿ. ಬಿಡಿಸಿದ ಹತ್ತಿ, ಮೆಣಸಿನಕಾಯಿ ಬೀಳುವುದು ಹೊಟ್ಟೆಯ ಮೇಲೆ ಕಟ್ಟಿದ ಉಡಿಗೆ. ಬೆಳಗಿನ ಇಬ್ಬನಿಗೆ ನೆನೆದ ಎಲೆಯಿಂದ ಬಟ್ಟೆಗೆ, ಬೆವರಿದ ಬಟ್ಟೆಯಿಂದ ಚರ್ಮಕ್ಕೆ ಅದು ಇಳಿಯುತ್ತದೆ. ಉಡಿಯ ಬದಲು ಹೆಗಲಿನಿಂದ ಪಕ್ಕಕ್ಕೆ ಇಳಿಬಿಟ್ಟ ಚೀಲ ಸಾಕು. ಎಲೆಅಡಿಕೆ ಹಾಕುವ ಮುಂಚೆ ಸಾಬೂನಿನಿಂದ ಕೈ ತೊಳೆಯಬೇಕು.

ಮನೆಯಲ್ಲಿ ಪಂಪು ಹೊತ್ತವನ ಅಂಗಿಯನ್ನು ಮಕ್ಕಳ ಬಟ್ಟೆಯ ಜೊತೆ ಒಂದೇ ಬಕೆಟ್ಟಿನಲ್ಲಿ ನೆನೆಹಾಕುತ್ತಾರೆ. ಕ್ಲೋರೋಪೈರಿಫಾಸ್ 20 ಇಸಿಯಂಥ ಕೀಟನಾಶಕಗಳು ಎಣ್ಣೆಯಂಶದವು, ಬರೀ ನೀರಿಗೆ ಬಿಡುವುದಿಲ್ಲ. ಆ ಬಟ್ಟೆಯನ್ನು ಬೇರೆಯಾಗಿ, ಸಾಬೂನಿನ ಪುಡಿ ಹಾಕಿ ಎರಡು ಸಲ ಒಗೆದು ಬಿಸಿಲಿಗೆ ಹರವಬೇಕು. ಒಗೆಯುವವರು ರಬ್ಬರ್ ಕೈಗವಸು ಹಾಕಿಕೊಳ್ಳಲಿ. ಆ ನೀರು ಕಾಲುವೆಗೆ ಸೇರಕೂಡದು. ಮುಚ್ಚಳದ ಲೆಕ್ಕದಲ್ಲಿ ಎಣ್ಣೆ ಸುರಿಯುವುದು ಇನ್ನೊಂದು ರೂಢಿ. ಲೀಟರಿಗೆ 2 ಮಿ.ಲೀ. ಎಂದಿದ್ದರೆ 16 ಲೀಟರಿನ ಪಂಪಿಗೆ 32 ಮಿ.ಲೀ., ಅದಕ್ಕೆ ಅಳತೆ ಲೋಟವೇ ಬೇಕು. ಖಾಲಿ ಡಬ್ಬಿಯನ್ನು ಮೂರು ಸಲ ಗಲಬರಿಸಿ, ಆ ನೀರನ್ನು ಪಂಪಿಗೇ ಹಾಕಿ, ಡಬ್ಬಿಗೆ ತೂತು ಹೊಡೆಯಿರಿ. ಇಲ್ಲವಾದರೆ ಅದು ಸೀಮೆಎಣ್ಣೆಗೋ ಕುಡಿಯುವ ನೀರಿಗೋ ಬಳಕೆಯಾಗುತ್ತದೆ.

ಯಾರು ಬಸುರಿ ಎಂದು ಹೊಲದ ಒಡೆಯನಿಗೆ ಗೊತ್ತಿರುವುದಿಲ್ಲ, ಎಷ್ಟೋ ಸಲ ಅವಳಿಗೂ ಗೊತ್ತಿರುವುದಿಲ್ಲ. ಆದ್ದರಿಂದ ನಿಯಮ ಹೊಲಕ್ಕೇ ಇರಲಿ. ಎಣ್ಣೆ ಹೊಡೆದ ದಿನ ಬದುವಿನ ಮೇಲೆ ಕೆಂಪು ಬಟ್ಟೆ ಕಟ್ಟಿ. ಲೇಬಲ್ಲಿನಲ್ಲಿ ಹೇಳಿದಷ್ಟು ಹೊತ್ತು, ಹೇಳಿರದಿದ್ದರೆ ಕನಿಷ್ಠ ಎರಡು ದಿನ, ಯಾವ ಹೆಣ್ಣಾಳನ್ನೂ ಇಳಿಸಬೇಡಿ. ಯಾವ ಎಣ್ಣೆ, ಯಾವಾಗ ಹೊಡೆದದ್ದು ಎಂದು ಮೇಸ್ತ್ರಿಗೆ ಮೊದಲೇ ತಿಳಿಸಿ. ರೈತ ಸಂಪರ್ಕ ಕೇಂದ್ರಗಳು ಈ ಮಾತನ್ನು ಮೆಣಸಿನಕಾಯಿ ಹಂಗಾಮಿಗೆ ಮುಂಚೆಯೇ ಬೋರ್ಡಿನ ಮೇಲೆ ಬರೆಸಲಿ.

– ಸಿಂಧನೂರು ತಾಲ್ಲೂಕಿನ ಕೆಲವು ಕೃಷಿ ಮತ್ತು ಆರೋಗ್ಯ ಕಾರ್ಯಕರ್ತರು