ಕೂಸಿನ ಮಲದ ಬಣ್ಣ ತಾಯಿ ಕಾರ್ಡಿನಲ್ಲಿರಲಿ

ಮಾನ್ಯ ಸಂಪಾದಕರೇ,

ಹಸುಗೂಸಿನ ಮಲದ ಬಣ್ಣದ ಬಗ್ಗೆ ಪತ್ರಿಕೆಗೆ ಬರೆಯುವುದು ಕೆಲವರಿಗೆ ಮುಜುಗರ ತರಬಹುದು. ಹೊಸನಗರ ತಾಲ್ಲೂಕಿನ ಹಳ್ಳಿಗಳಲ್ಲಿ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದ ನನಗೆ ಆ ಮುಜುಗರ ಎಂದೋ ಹೋಗಿದೆ.

ಬಹಳ ವರ್ಷಗಳ ಹಿಂದೆ, ಆಷಾಢದಲ್ಲಿ, ಒಂದು ಬಾಣಂತಿಯ ಮನೆಗೆ ಹೋಗಿದ್ದೆ. ಮಗುವಿಗೆ ಇಪ್ಪತ್ತೈದು ದಿನ. ಕಣ್ಣು ಇನ್ನೂ ಹಳದಿ. ಆದರೆ ಹಾಲು ಚೆನ್ನಾಗಿ ಕುಡಿಯುತ್ತಿತ್ತು, ತೂಕವೂ ಏರಿತ್ತು. ‘ಕೂಸುಗಳಿಗೆ ಕಾಮಾಲೆ ಸಹಜ, ಎಳೆಬಿಸಿಲು ಕಾಯಿಸಿ’ ಎಂದೆ. ಎಂಥ ಬಿಸಿಲು! ಆ ಊರಿನವರು ಸೂರ್ಯನ ಮುಖ ನೋಡಿ ಹದಿನೈದು ದಿನವಾಗಿತ್ತು. ಮಗುವಿನ ಅಜ್ಜಿ ನನ್ನನ್ನು ಬಚ್ಚಲ ಬಳಿಗೆ ಕರೆದು, ‘ನರ್ಸಮ್ಮ, ಇದು ಯಾಕೋ ಜೇಡಿಮಣ್ಣು ಕಲಸಿದ ಹಾಗಿದೆ’ ಎಂದು ಬಟ್ಟೆ ತೋರಿಸಿದರು. ತಾಯಿಯ ಪಥ್ಯದಿಂದ ಹಾಗಾಗಿರಬಹುದು ಎಂದುಬಿಟ್ಟೆ. ಆ ಮಗು ಬೆಂಗಳೂರು ತಲುಪುವಾಗ ನಾಲ್ಕು ತಿಂಗಳಾಗಿತ್ತು, ಯಕೃತ್ತು ಗಟ್ಟಿಯಾಗಿತ್ತು. ವರ್ಷ ತುಂಬಲಿಲ್ಲ. ಅಜ್ಜಿ ಸರಿಯಾಗಿಯೇ ನೋಡಿದ್ದರು. ತರಬೇತಿ ಪಡೆದ ನಾನು ನೋಡಲಿಲ್ಲ.

ಆ ಕಾಯಿಲೆಗೆ ಬಿಲಿಯರಿ ಅಟ್ರೇಸಿಯಾ ಎನ್ನುತ್ತಾರೆ. ಯಕೃತ್ತಿನಿಂದ ಕರುಳಿಗೆ ಪಿತ್ತ ಸಾಗಿಸುವ ನಾಳ ಮುಚ್ಚಿಹೋಗಿರುತ್ತದೆ. ಮಲಕ್ಕೆ ಹಳದಿ, ಹಸಿರು ಬಣ್ಣ ಬರುವುದೇ ಪಿತ್ತದಿಂದ. ಅದು ಇಳಿಯದಿದ್ದರೆ ಮಲ ಬಿಳುಚುತ್ತದೆ. ನೀರಿನಂತಿರಬೇಕಾದ ಎಳೆಮಗುವಿನ ಮೂತ್ರ ಬಟ್ಟೆಯಲ್ಲಿ ಹಳದಿ ಕಲೆ ಉಳಿಸುತ್ತದೆ. ಈ ಕಾಮಾಲೆ ಬಿಸಿಲಿಗೂ ಜಗ್ಗುವುದಿಲ್ಲ, ಆಸ್ಪತ್ರೆಯ ನೀಲಿ ದೀಪಕ್ಕೂ ಜಗ್ಗುವುದಿಲ್ಲ. ನಾಟಿ ಔಷಧಿ ಅರೆದು ಕುಡಿಸುತ್ತಾ ಕುಳಿತರೆ ಕಳೆಯುವುದು ದಿನಗಳು ಮಾತ್ರ. ಆ ದಿನಗಳೇ ಇಲ್ಲಿ ಮುಖ್ಯ. ಕರುಳನ್ನು ನೇರವಾಗಿ ಯಕೃತ್ತಿಗೆ ಜೋಡಿಸುವ ಶಸ್ತ್ರಚಿಕಿತ್ಸೆಯನ್ನು ಜಪಾನಿನ ವೈದ್ಯ ಮೊರಿಯೊ ಕಸಾಯಿ 1950ರ ದಶಕದಲ್ಲೇ ರೂಪಿಸಿದರು. ಮಗುವಿಗೆ 60 ದಿನ ತುಂಬುವುದರೊಳಗೆ ಅದು ನಡೆದರೆ ಫಲ ಹೆಚ್ಚು. ಹಾಗೆ ಉಳಿದ ಎಷ್ಟೋ ಮಕ್ಕಳಿಗೂ ಮುಂದೆ ಯಕೃತ್ತಿನ ಕಸಿ ಬೇಕಾಗುತ್ತದೆ, ನಿಜ. ಆದರೆ ಬೆಳೆಯಲು ವರ್ಷಗಳು ಸಿಗುತ್ತವೆ.

ಹೆರಿಗೆಯಾದ ಎರಡು ಮೂರು ದಿನಕ್ಕೆ ತಾಯಿ, ಮಗು ಮನೆ ಸೇರುತ್ತಾರೆ. ಆಗ ಮಲದ ಬಣ್ಣ ಸರಿಯಾಗಿಯೇ ಇರಬಹುದು. ಬಿಳುಚುವುದು ಆಮೇಲೆ, ತವರಿನ ಬಾಣಂತಿ ಕೋಣೆಯಲ್ಲಿ. ಆದ್ದರಿಂದ ಈ ಒಂದು ತಪಾಸಣೆ ಮನೆಯಲ್ಲೇ ಆಗಬೇಕು. ತೈವಾನ್ 2004ರಲ್ಲಿ ಮಲದ ಬಣ್ಣಗಳ ಚಿತ್ರವಿರುವ ಕಾರ್ಡನ್ನು ದೇಶಕ್ಕೆಲ್ಲ ಹಂಚಿತು; ಸಕಾಲದಲ್ಲಿ ಶಸ್ತ್ರಚಿಕಿತ್ಸೆ ಪಡೆದ ಮಕ್ಕಳ ಪ್ರಮಾಣ ಅಲ್ಲಿ ಏರಿತು. ಜಪಾನ್ 2012ರಲ್ಲಿ ಅದನ್ನು ತಾಯಿ-ಮಗುವಿನ ಕೈಪಿಡಿಗೇ ಸೇರಿಸಿತು.

ನಮ್ಮಲ್ಲಿ ತಾಯಿ ಕಾರ್ಡ್ ಇದೆ. ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೇ ದಿನ ಮನೆಗೆ ಹೋಗಿ ಶಿಶುವನ್ನು ನೋಡುವ ವ್ಯವಸ್ಥೆಯೂ ಇದೆ. ಹೊಸ ಯಂತ್ರ ಬೇಡ, ಹೊಸ ಹುದ್ದೆ ಬೇಡ. ಕಾರ್ಡಿನಲ್ಲಿ ಒಂದು ಪುಟ ಬಣ್ಣದ ಚಿತ್ರ ಸೇರಿಸಿ, 14ನೇ ದಿನದಿಂದಾಚೆಗಿನ ಪ್ರತಿ ಭೇಟಿಯಲ್ಲೂ ಬಟ್ಟೆ ನೋಡಿ ಗುರುತು ಹಾಕಿಸಿದರೆ ಸಾಕು. ಎರಡು ವಾರ ಕಳೆದರೂ ಕಾಮಾಲೆ ಇಳಿಯದ ಮಗುವಿಗೆ, ಕಾಮಾಲೆಯ ಹಳದಿಗೆ ಕಾರಣವಾದ ಬಿಲಿರುಬಿನ್ ರಕ್ತದಲ್ಲಿ ಎಷ್ಟಿದೆ ಎಂಬ ಪರೀಕ್ಷೆ ಮಾಡಿಸಬೇಕು. ಒಟ್ಟು ಪ್ರಮಾಣವನ್ನಷ್ಟೇ ಅಲ್ಲ, ಪಿತ್ತ ಇಳಿಯದಿದ್ದಾಗ ಏರುವ ‘ಡೈರೆಕ್ಟ್’ ಬಿಲಿರುಬಿನ್ ಪ್ರಮಾಣವನ್ನೂ ಬರೆದುಕೊಡುವಂತೆ ಕೇಳಬೇಕು. ಮಲ ಬಿಳುಚಿದ್ದರಂತೂ ಕಾಮಾಲೆ ಇಳಿಯಲೆಂದು ಒಂದು ದಿನವೂ ಕಾಯಬಾರದು. ಆಶಾ ಕಾರ್ಯಕರ್ತೆಯರಿಗೆ ಇನ್ನೊಂದು ಹೊರೆ ಎನ್ನುವವರು ಮೊದಲು ಅವರ ಗೌರವಧನ ಸಮಯಕ್ಕೆ ಸಿಗುವಂತೆ ನೋಡಿಕೊಳ್ಳಲಿ. ಬಟ್ಟೆ ನೋಡಲು ಒಂದು ನಿಮಿಷ ಸಾಕು.

ಕಾಯಿಲೆ ಅಪರೂಪದ್ದು, 5,000ದಿಂದ 20,000 ಜನನಗಳಿಗೆ ಒಂದು. ನಮ್ಮ ಜಿಲ್ಲೆಗೆ ವರ್ಷಕ್ಕೆ ಒಂದೋ ಎರಡೋ ಮಗು ಎನ್ನೋಣ. ಅಪರೂಪವಾದ್ದರಿಂದಲೇ ಅದು ನಮ್ಮಂಥವರ ಕಣ್ಣು ತಪ್ಪಿಸುವುದು. ಹಿಂದೆ ಬಟ್ಟೆ ಒಗೆಯುವ ಅಜ್ಜಿಯರಾದರೂ ಬಣ್ಣ ನೋಡುತ್ತಿದ್ದರು. ಈಗ ಡೈಪರ್ ಸುತ್ತಿ ಎಸೆಯುವುದೇ ಹೆಚ್ಚು.

ಆರೋಗ್ಯ ಇಲಾಖೆಗೆ ಇನ್ನೊಂದು ಮಾತು. ಮಲೆನಾಡಿನ ಮಳೆಗಾಲದ ಕತ್ತಲೆಯಲ್ಲಿ, ಮೊಬೈಲ್ ಬೆಳಕಿನಲ್ಲಿ ಬಣ್ಣ ಸರಿಯಾಗಿ ತಿಳಿಯುವುದಿಲ್ಲ. ಬಟ್ಟೆಯನ್ನು ಜಗಲಿಗೆ ತಂದು ಹಗಲಿನಲ್ಲಿ ನೋಡಬೇಕು ಎಂದು ಆ ಪುಟದಲ್ಲೇ ಬರೆಯಿರಿ. ಮತ್ತು ದಯವಿಟ್ಟು ಅದನ್ನು ಒಳ್ಳೆಯ ಕಾಗದದಲ್ಲಿ, ಬಣ್ಣದಲ್ಲೇ ಅಚ್ಚು ಹಾಕಿಸಿ. ಕಾರ್ಡು ಮುಗಿದಾಗ ಕಪ್ಪು-ಬಿಳುಪು ಜೆರಾಕ್ಸ್ ಹಂಚಿದ್ದನ್ನು ನನ್ನ ಸೇವಾವಧಿಯಲ್ಲಿ ಕಣ್ಣಾರೆ ಕಂಡಿದ್ದೇನೆ.

— ನಿವೃತ್ತ ಆರೋಗ್ಯ ಸಹಾಯಕಿ, ಹೊಸನಗರ